ಕಿಟಕಿಯಲ್ಲಿ ಕಂಡದ್ದು, ಕೋಣನಾಗಿ ಬಂದದ್ದು

(ಮೈಸೂರಿನಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಪರದೆಯ ಮೇಲಿರುವ ಚಿತ್ರವನ್ನು ಎರಡು ನಿಮಿಷ ಸುಮ್ಮನೆ ನೋಡಿ. ಏನನ್ನೂ ಬರೆದುಕೊಳ್ಳಬೇಡಿ, ಮೊಬೈಲನ್ನು ಜೇಬಿನಿಂದ ತೆಗೆಯಬೇಡಿ. ಎರಡು ಮೈಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಹೆಣ್ಣಿನ ಮೈ, ಇನ್ನೊಂದಕ್ಕೆ ಕೋಣನ ತಲೆ. ಸಪಾಟಾದ ಬಣ್ಣದ ಹರವು, ಹರಿತವಾದ ಅಂಚು, ಅಷ್ಟೆ. ಈಗ ಹೇಳಿ, ನಾನು ಕೋಲಿನಿಂದ ತೋರಿಸುತ್ತಿರುವ ಈ ತೋಳು ಯಾರದು?

ಹಿಂದಿನ ಸಾಲಿನಿಂದ ಒಬ್ಬರು ದೇವಿಯದು ಅಂದರು. ಅವರ ಪಕ್ಕದವರು ಅಲ್ಲ, ಮಹಿಷನದು ಅಂದರು. ಎರಡು ಉತ್ತರವನ್ನೂ ಹಾಗೇ ಇಟ್ಟುಕೊಂಡಿರಿ.

ಇದು ತೈಯಬ್ ಮೆಹ್ತಾ 1997ರಲ್ಲಿ ಬರೆದ ‘ಮಹಿಷಾಸುರ’. 2005ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಇದು ಹದಿನೈದು ಲಕ್ಷ ಡಾಲರ್ ದಾಟಿ ಮಾರಾಟವಾಯಿತು. ಆಧುನಿಕ ಭಾರತೀಯ ಚಿತ್ರವೊಂದು ಹತ್ತು ಲಕ್ಷ ಡಾಲರಿನ ಗಡಿ ದಾಟಿದ್ದು ಅದೇ ಮೊದಲು. ಪತ್ರಿಕೆಗಳೆಲ್ಲ ಆ ಬೆಲೆಯನ್ನೇ ಬರೆದವು. ಬೆಲೆಯ ಮಾತನ್ನು ಇಲ್ಲಿಗೇ ಬಿಡೋಣ. ನನಗೆ ಬೇಕಾಗಿರುವುದು ಈ ಚಿತ್ರ ನಡೆದು ಬಂದ ದಾರಿ. ಅದು ಶುರುವಾದದ್ದು 1947ರಲ್ಲಿ, ಮುಂಬಯಿಯ ಮಹಮ್ಮದ್ ಅಲಿ ರಸ್ತೆಯ ಒಂದು ಕಿಟಕಿಯಲ್ಲಿ. ಕಿಟಕಿಗೂ ಈ ಕ್ಯಾನ್ವಾಸಿಗೂ ನಡುವೆ ಐವತ್ತು ವರ್ಷ. ಒಂದು ನೆನಪು ಆಕಾರ ಪಡೆಯಲು ಅಷ್ಟು ಕಾಲ ಯಾಕೆ ಹಿಡಿಯಿತು, ಆ ನಡುವೆ ಅದಕ್ಕೆ ಯಾರ್‍ಯಾರು ನೆರವಾದರು ಎಂಬುದಷ್ಟೇ ಇವತ್ತಿನ ಮಾತು.

ತೈಯಬ್ ಹುಟ್ಟಿದ್ದು 1925ರಲ್ಲಿ, ಗುಜರಾತಿನ ಕಪಡವಂಜದಲ್ಲಿ. ಬೆಳೆದದ್ದು ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಸುತ್ತಿನ ದಾವೂದಿ ಬೋಹ್ರಾ ಮುಸ್ಲಿಮರ ನಡುವೆ. ದೇಶ ಇಬ್ಭಾಗವಾದ ಆ ವರ್ಷ ಗಲಭೆಯ ನಡುವೆ ಅವರು ಮಹಮ್ಮದ್ ಅಲಿ ರಸ್ತೆಯ ಮನೆಯೊಂದರಲ್ಲಿದ್ದರು. ಕಿಟಕಿಯ ಕೆಳಗೆ, ಬೀದಿಯಲ್ಲಿ, ಗುಂಪೊಂದು ಒಬ್ಬ ಯುವಕನನ್ನು ಹಿಡಿದು ಬಡಿಯಿತು, ಕಲ್ಲಿನಿಂದ ತಲೆ ಜಜ್ಜಿ ಕೊಂದಿತು. ಮೇಲೆ ನಿಂತು ನೋಡಿದ ಈ ಹುಡುಗನಿಗೆ ಇಪ್ಪತ್ತೆರಡರ ಆಸುಪಾಸು. ಆಮೇಲೆ ಹಲವು ದಿನ ಜ್ವರ ಹಿಡಿದು ಮಲಗಿದರು. ಆ ದೃಶ್ಯ ಕೊನೆಯವರೆಗೂ ತಮ್ಮನ್ನು ಬಿಡಲಿಲ್ಲ ಎಂದು ವಯಸ್ಸಾದ ಮೇಲೂ ಹೇಳುತ್ತಿದ್ದರು.

ನಾನು ನಿಮ್ಮ ವಯಸ್ಸಿನಲ್ಲಿ ಮೊದಲ ಸಲ ಇದನ್ನು ಓದಿದಾಗ ಆ ಬೀದಿಯ ಚಿತ್ರ ಎಲ್ಲಿದೆ ಎಂದು ಹುಡುಕಿದೆ. ಕಲ್ಲು ಹಿಡಿದ ಗುಂಪು, ಬಿದ್ದ ಯುವಕ, ಮೇಲಿನ ಕಿಟಕಿ. ತೈಯಬರ ಹೆಸರಾಂತ ಕ್ಯಾನ್ವಾಸುಗಳಲ್ಲಿ ಅದು ಸಿಗುವುದೇ ಇಲ್ಲ. ಅವರು ಬರೆದದ್ದು ಗೂಳಿ. ಕೆಳಗೆ ಬೀಳುತ್ತಿರುವ ಮನುಷ್ಯ. ರಿಕ್ಷಾ ಎಳೆಯುವವನು. ಕಾಳಿ. ಕೊನೆಗೆ ಈ ಮಹಿಷ. ಬೀದಿ ಮಾತ್ರ ಬರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯದಿರುವುದು ಮರೆವಲ್ಲ, ಹಿಂಜರಿಕೆಯೂ ಅಲ್ಲ. ಆ ನೆನಪನ್ನು ಅವರು ಎಷ್ಟು ಜೋಪಾನ ಮಾಡಿದರೆಂದರೆ ಅದನ್ನು ಘಟನೆಯ ಮಟ್ಟಕ್ಕೆ ಇಳಿಸಲು ಒಪ್ಪಲಿಲ್ಲ.

ಗೂಳಿಗೆ ಬರೋಣ. ಈ ಸ್ಲೈಡ್ ನೋಡಿ. ಕಾಲು ಕಟ್ಟಿ ಕೆಡವಿದ ಗೂಳಿ, 1950ರ ದಶಕದ ಕೆಲಸ. ತೈಯಬ್ ಕಸಾಯಿಖಾನೆಗೆ ಹೋಗಿ ಕೂತು ರೇಖಾಚಿತ್ರ ಮಾಡುತ್ತಿದ್ದರು. ಪ್ರಾಣಿಯನ್ನು ಕಡಿಯುವ ಮೊದಲು ಕಾಲುಗಳನ್ನು ಒಟ್ಟುಗೂಡಿಸಿ ಬಿಗಿದು ನೆಲಕ್ಕೆ ಬೀಳಿಸುತ್ತಾರಲ್ಲ, ಅವರನ್ನು ಹಿಡಿದು ನಿಲ್ಲಿಸಿದ್ದು ಆ ಗಳಿಗೆ. ಅಷ್ಟು ಕಸುವಿರುವ ಮೈ, ಕದಲುವಂತಿಲ್ಲ. ಸ್ವಾತಂತ್ರ್ಯ ಬಂದ ದೇಶದ ಸ್ಥಿತಿಯೂ ತಮಗೆ ಹೀಗೇ ಕಂಡಿತು ಎಂದು ಅವರು ಹೇಳಿಕೊಂಡಿದ್ದಾರೆ.

ನಿಮ್ಮಲ್ಲಿ ಎತ್ತಿಗೆ ಲಾಳ ಹೊಡೆಯುವುದನ್ನು ನೋಡಿದವರು ಎಷ್ಟು ಜನ? ನಾಲ್ಕೈದು ಕೈ ಕಾಣುತ್ತಿವೆ, ಸಂತೋಷ. ನೋಡದವರಿಗೆ ಹೇಳುತ್ತೇನೆ. ಸಂತೆಯ ದಿನ ಲಾಳ ಕಟ್ಟುವವನು ಮರದ ಕೆಳಗೆ ಕೂತಿರುತ್ತಾನೆ. ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಒಬ್ಬ ಕೊಂಬು ಹಿಡಿದು ಕುತ್ತಿಗೆ ತಿರುಗಿಸುತ್ತಾನೆ, ಇನ್ನೊಬ್ಬ ಹಗ್ಗ ಜಗ್ಗುತ್ತಾನೆ. ಅಷ್ಟು ದೊಡ್ಡ ಮೈ ಒಂದೇ ಸಲಕ್ಕೆ ಧೊಪ್ಪನೆ ಮಗ್ಗುಲಿಗೆ ಬೀಳುತ್ತದೆ. ನಾಲ್ಕು ಗೊರಸೂ ಒಂದೆಡೆ ಕೂಡುತ್ತವೆ. ಎತ್ತು ಕೂಗುವುದಿಲ್ಲ. ಮೂಗಿನ ಮುಂದಿನ ಧೂಳು ಮಾತ್ರ ಪ್ರತಿ ಉಸಿರಿಗೂ ಹಾರುತ್ತಿರುತ್ತದೆ, ಕಣ್ಣಿನ ಬಿಳಿ ಕಾಣುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಹಗ್ಗ ಬಿಚ್ಚುತ್ತಾರೆ, ಅದು ಏಳುತ್ತದೆ, ಮೈ ಕೊಡವುತ್ತದೆ, ಗಾಡಿಯ ಕಡೆ ನಡೆಯುತ್ತದೆ. ಕಸಾಯಿಖಾನೆಯ ಗೂಳಿ ಏಳುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಬಿದ್ದ ಭಂಗಿ ಎರಡರದೂ ಒಂದೇ.

ಆ ಭಂಗಿಯನ್ನು ಕಂಡಾಗ ತೈಯಬರಿಗೆ ಕಿಟಕಿಯ ಕೆಳಗಿನ ಯುವಕ ಸಿಕ್ಕಿದ. ಮುಖ, ಹೆಸರು, ಬಟ್ಟೆ, ಧರ್ಮ ಎಲ್ಲ ಕಳಚಿಹೋಗಿ, ಬೀಳಿಸಲ್ಪಟ್ಟ ಜೀವ ಒಂದೇ ಉಳಿದಿತ್ತು. ಬೀದಿಯನ್ನೇ ಬರೆದಿದ್ದರೆ ನೋಡುವವನು ಮೊದಲು ಕೇಳುವುದು, ಕೊಂದವರು ಯಾರು, ಸತ್ತವನು ಯಾರ ಕಡೆಯವನು ಎಂದು. ಗೂಳಿಯ ಮುಂದೆ ಆ ಪ್ರಶ್ನೆಗೆ ಜಾಗವಿಲ್ಲ. ಸಂಕೇತ ಅನ್ನುವ ಪದವನ್ನು ನಾವು ತರಗತಿಯಲ್ಲಿ ತುಂಬ ಬಳಸುತ್ತೇವೆ, ಏನನ್ನೋ ಮುಚ್ಚಿಡುವ ಉಪಾಯ ಎಂಬಂತೆ. ನನಗೆ ಹಾಗನ್ನಿಸುವುದಿಲ್ಲ. ನೋಡುವವನು ಪಕ್ಷ ಹಿಡಿದು ತಪ್ಪಿಸಿಕೊಳ್ಳದಂತೆ ಅವನನ್ನು ನೋವಿನ ಎದುರಿಗೇ ತಂದು ನಿಲ್ಲಿಸುವ ಕೆಲಸ ಈ ಗೂಳಿಯದು.

ಗೂಳಿ ಅವರನ್ನು ಬಿಡಲೇ ಇಲ್ಲ. 1970ರಲ್ಲಿ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾದ ಫಿಲ್ಮ್ಸ್ ಡಿವಿಜನ್ನಿಗಾಗಿ ‘ಕೂಡಲ್’ ಎಂಬ ಹದಿನಾರು ನಿಮಿಷದ ಕಿರುಚಿತ್ರ ಮಾಡಿದರು. ಕ್ಯಾಮೆರಾ ಹೊತ್ತು ಬಾಂದ್ರಾದ ಕಸಾಯಿಖಾನೆಗೇ ಹೋದರು. ಅದಕ್ಕೆ ಫಿಲ್ಮ್‌ಫೇರ್ ವಿಮರ್ಶಕರ ಪ್ರಶಸ್ತಿ ಬಂತು. ಸಿನಿಮಾ ಅವರಿಗೆ ಹೊಸದಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರುವ ಮೊದಲು ತಾರ್‌ದೇವ್‌ನ ಫೇಮಸ್ ಸ್ಟುಡಿಯೋದಲ್ಲಿ ಸಂಕಲನದ ಕೆಲಸ ಮಾಡಿದವರು ಅವರು. ಡಿಪ್ಲೊಮಾ ಪಡೆದದ್ದು 1952ರಲ್ಲಿ. ಈ ಸಂಕಲನದ ಮೇಜನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಪ್ರಭಾವ ಅನ್ನುವ ಮಾತು ಬಂದಾಗ ನಿಮ್ಮ ಮುಖ ಸಪ್ಪಗಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ‘ಇದರಲ್ಲಿ ಇಂಥವರ ಪ್ರಭಾವ ಕಾಣುತ್ತದೆ’ ಅಂದರೆ ಕಳ್ಳತನ ಸಿಕ್ಕಿಬಿತ್ತು ಎಂಬ ಹಾಗೆ ತಲೆ ತಗ್ಗಿಸುತ್ತೀರಿ. ತಗ್ಗಿಸಬೇಡಿ. ತೈಯಬರ ದಾರಿಯಲ್ಲಿ ಎರಡು ದೊಡ್ಡ ಭೇಟಿಗಳಿವೆ, ಎರಡೂ ಹೊರದೇಶದವು. ಅವು ಅವರಿಗೆ ಏನು ಕೊಟ್ಟವು, ಏನು ಕೊಡಲಿಲ್ಲ ನೋಡಿ.

ಮೊದಲನೆಯದು ಲಂಡನ್. 1959ರಿಂದ 1964ರವರೆಗೆ ಹೆಂಡತಿ ಸಕೀನಾ ಜೊತೆ ಅಲ್ಲಿದ್ದರು. ಯುದ್ಧ ಕಳೆದ ಯೂರೋಪು, ಚಿತ್ರಗಾರ ಫ್ರಾನ್ಸಿಸ್ ಬೇಕನ್ನನ ಕಾಲ. ಬೇಕನ್ನನ ಚಿತ್ರಗಳಲ್ಲಿ ಮನುಷ್ಯನ ಮಾಂಸ ನುಜ್ಜುಗುಜ್ಜಾಗಿರುತ್ತದೆ, ಬಾಯಿ ತೆರೆದಿರುತ್ತದೆ, ಮೈ ಒಂದು ಕೋಣೆಯಲ್ಲೋ ಪಂಜರದಲ್ಲೋ ಸಿಕ್ಕಿರುತ್ತದೆ. ನೋವನ್ನು ಮುಚ್ಚುಮರೆಯಿಲ್ಲದೆ ಬರೆಯಬಹುದು, ಅದಕ್ಕೆ ಚಂದದ ಹೊದಿಕೆ ಬೇಕಿಲ್ಲ ಎಂಬ ಧೈರ್ಯ ಅಲ್ಲಿಂದ ಸಿಕ್ಕಿತು. ಆ ಕಾಲದ ತೈಯಬರ ತೈಲಚಿತ್ರಗಳಲ್ಲಿ ಬಣ್ಣ ಗಾರೆಯ ಹಾಗೆ ದಪ್ಪ. ಕರಣೆಯಿಂದ ಬಳಿದಂತೆ, ಮೆತ್ತಿದಂತೆ. ಮನುಷ್ಯಾಕೃತಿ ಆ ದಪ್ಪದೊಳಗಿಂದ ಹೊರಬರಲು ಒದ್ದಾಡುತ್ತದೆ. ಒಳ್ಳೆಯ ಚಿತ್ರಗಳೇ ಅವು. ಆದರೆ ಹಿಂಸೆ ಬಣ್ಣದಲ್ಲೇ ಇತ್ತು, ಬಣ್ಣವನ್ನು ಹಚ್ಚಿದ ರೀತಿಯಲ್ಲೇ ಇತ್ತು. ಆಕೃತಿಗೆ ಮಾಡಲು ಹೆಚ್ಚು ಕೆಲಸ ಉಳಿದಿರಲಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಅದರ ಬೆನ್ನಿಗೇ ಬಂದದ್ದು ‘ಬೀಳುವ ಮನುಷ್ಯ’. 1965ರ ಈ ಚಿತ್ರಕ್ಕೆ 1968ರಲ್ಲಿ ದಿಲ್ಲಿಯ ಮೊದಲ ತ್ರೈವಾರ್ಷಿಕ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಬಂತು.

ಎರಡನೆಯ ಭೇಟಿ ಅದೇ 1968ರಲ್ಲಿ, ನ್ಯೂಯಾರ್ಕಿನಲ್ಲಿ. ರಾಕ್‌ಫೆಲರ್ ನಿಧಿಯ ನೆರವಿನಿಂದ ಹೋಗಿದ್ದರು. ಅಲ್ಲಿ ಅಮೆರಿಕದ ಚಿತ್ರಗಾರ ಬಾರ್ನೆಟ್ ನ್ಯೂಮನ್ನನ ಕ್ಯಾನ್ವಾಸಿನ ಮುಂದೆ ನಿಂತರು. ನ್ಯೂಮನ್ ಅಂದರೆ ಗೊತ್ತಲ್ಲ, ಗೋಡೆಯಷ್ಟು ದೊಡ್ಡ ಒಂದೇ ಬಣ್ಣದ ಹರವು, ಅದನ್ನು ಮೇಲಿಂದ ಕೆಳಗೆ ಸೀಳುವ ಒಂದೋ ಎರಡೋ ಪಟ್ಟಿ. ಮನುಷ್ಯನಿಲ್ಲ, ಗೂಳಿಯಿಲ್ಲ, ಕತೆಯಿಲ್ಲ. ಪುಸ್ತಕದ ಅಚ್ಚಿನಲ್ಲಿ ನೋಡಿದಾಗ ಇದೇನು ಗಿಮಿಕ್ಕೋ ಎಂದು ತಳ್ಳಿಹಾಕುವಂಥದ್ದು, ಅಸಲನ್ನು ಕಂಡಾಗ ಮನಸ್ಸು ಕಲಕಿಹೋಯಿತು ಎಂಬ ಅರ್ಥದ ಮಾತನ್ನು ತೈಯಬ್ ಮುಂದೆ ಹೇಳಿದರು. ಬಣ್ಣ ಹಚ್ಚಿದ ಬಗೆ, ಅಳತೆ, ಜಾಗದ ಹಂಚಿಕೆ ಇಷ್ಟರಿಂದಲೇ ಒಂದು ಭಾವ ಹುಟ್ಟಬಹುದು ಎಂಬುದನ್ನು ಅವರ ಕಣ್ಣು ಅಲ್ಲಿ ಕಲಿಯಿತು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ನೀವೆಲ್ಲ ಚಿತ್ರಗಳನ್ನು ನೋಡುವುದು ಅಂಗೈಯಗಲದ ಪರದೆಯಲ್ಲಿ. ನಾನೂ ಈಗ ನಿಮಗೆ ತೋರಿಸುತ್ತಿರುವುದು ಬೆಳಕಿನ ನೆರಳನ್ನೇ. ದಿಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ತಪ್ಪಿಸಬೇಡಿ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲೂ ಅದರ ಶಾಖೆಯಿದೆ, ಅಲ್ಲಿಗಾದರೂ ಹೋಗಿ. ಒಂದು ಚಿತ್ರದ ಎದುರು ಅರ್ಧ ಗಂಟೆ ನಿಲ್ಲಿ. ಚಿತ್ರ ನಿಮ್ಮ ಎತ್ತರದಷ್ಟೇ ಇದೆಯೋ, ನಿಮ್ಮನ್ನು ಮೀರಿ ನಿಂತಿದೆಯೋ ಎಂಬುದು ಮೈಗೆ ಗೊತ್ತಾಗುವ ಸಂಗತಿ. ಅದನ್ನು ಫೋನು ಹೇಳುವುದಿಲ್ಲ.

ತೈಯಬ್ ನ್ಯೂಮನ್ನನ ಹಾಗೆ ಬರೆಯಲು ಹೋಗಲಿಲ್ಲ, ಮನುಷ್ಯಾಕೃತಿಯನ್ನು ಬಿಡಲಿಲ್ಲ. ಕಿಟಕಿಯಲ್ಲಿ ಕಂಡದ್ದು ಮನುಷ್ಯನನ್ನಲ್ಲವೇ, ಬಿಡುವುದು ಹೇಗೆ? ಅವರು ಬಿಟ್ಟದ್ದು ಗಾರೆಯಂಥ ಬಣ್ಣವನ್ನು. ಊರಿಗೆ ಬಂದ ಮೇಲೆ ಬಣ್ಣ ತೆಳುವಾಯಿತು, ಸಪಾಟಾಯಿತು, ಅಂಚು ಚಾಕುವಿನಂತೆ ಹರಿತವಾಯಿತು. 1969ರಲ್ಲಿ ಕೆಲಸ ಕೈಗೂಡದೆ ತಲೆ ಕೆಟ್ಟಿದ್ದಾಗ ಒಂದು ದಿನ ಕ್ಯಾನ್ವಾಸಿನ ಮೇಲೆ ಮೂಲೆಯಿಂದ ಮೂಲೆಗೆ ಕಪ್ಪು ಪಟ್ಟೆಯೊಂದನ್ನು ಎಳೆದುಬಿಟ್ಟರು. ಆ ಓರೆಗೆರೆ ಅವರ ಚಿತ್ರವನ್ನು ಎರಡು ಮಾಡಿತು. ಮುಂದಿನ ವರ್ಷಗಳ ಚಿತ್ರಗಳನ್ನು ನೋಡಿ, ಓರೆಗೆರೆ ಮೈಯ ಮೇಲೇ ಹಾಯುತ್ತದೆ. ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ. ತೋಳು ಇಲ್ಲಿ ಮುಗಿದು ಅಲ್ಲಿ ಶುರುವಾಗುತ್ತದೆ.

ಸಂಕಲನದ ಮೇಜನ್ನು ನೆನಪಿಡಿ ಅಂದೆನಲ್ಲ. ಆ ಕಾಲದಲ್ಲಿ ಸಿನಿಮಾ ಅಂದರೆ ಕೈಯಲ್ಲಿ ಹಿಡಿಯುವ ರೀಲು. ಬೇಕಾದ ಕಡೆ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸುವುದು. ಅಂಟಿಸಿದ ಜಾಗದಲ್ಲಿ ಒಂದು ಲೋಕ ಮುಗಿದು ಇನ್ನೊಂದು ಶುರು. ಓರೆಗೆರೆಯನ್ನು ಕಂಡಾಗಲೆಲ್ಲ ನನಗೆ ಆ ಕತ್ತರಿಯ ನೆನಪಾಗುತ್ತದೆ. ನನ್ನ ಊಹೆ ಇದು. ಕಲಾವಿಮರ್ಶಕರು ನ್ಯೂಮನ್ನನ ಪಟ್ಟಿಯನ್ನು ಹೇಳುತ್ತಾರೆ, ದೇಶವಿಭಜನೆಯ ಗಡಿಗೆರೆಯನ್ನು ಹೇಳುತ್ತಾರೆ. ಮೂರೂ ಇರಬಹುದು. ಮನುಷ್ಯನ ಕೈ ತಾನು ಮೊದಲು ಕಲಿತ ಕೆಲಸವನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಈಗ ಈ ಎರಡು ಸ್ಲೈಡುಗಳನ್ನು ಅಕ್ಕಪಕ್ಕ ಇಡುತ್ತೇನೆ. ಎಡಕ್ಕೆ ಲಂಡನ್ನಿನ ದಪ್ಪ ಬಣ್ಣ, ಬಲಕ್ಕೆ ಓರೆಗೆರೆಯ ಕಾಲದ್ದು. ಬಲಗಡೆಯದು ಎಷ್ಟು ಶಾಂತ, ನೋಡಿ. ಬಣ್ಣ ಕಿರುಚುತ್ತಿಲ್ಲ, ಕುಂಚದ ಗುರುತೂ ಇಲ್ಲ. ಆದರೂ ಹೆಚ್ಚು ನೋಯಿಸುವುದು ಅದೇ. ಹಿಂಸೆ ಬಣ್ಣದಿಂದ ಇಳಿದು ಮೈಯ ಭಂಗಿಗೆ ಹೋಗಿ ಕೂತಿದೆ. ಬೇಕನ್ನನೂ ನ್ಯೂಮನ್ನನೂ ತೈಯಬರಿಗೆ ಏನನ್ನು ಬರೆಯಬೇಕೆಂದು ಹೇಳಿಕೊಡಲಿಲ್ಲ. ಅದು ಅವರಲ್ಲಿ ಆಗಲೇ ಇತ್ತು. ಅದನ್ನು ಹೊರುವ ಬಗೆಯನ್ನು ಒಬ್ಬ ತೋರಿಸಿದ, ಹೊರೆಯಲ್ಲಿ ಏನನ್ನು ಇಳಿಸಬೇಕೆಂದು ಇನ್ನೊಬ್ಬ ತೋರಿಸಿದ.

ರಿಕ್ಷಾದ ಚಿತ್ರಗಳನ್ನು ಬೇಗ ದಾಟುತ್ತೇನೆ. ಬಾಲ್ಯದಲ್ಲಿ ಕಲ್ಕತ್ತೆಯಲ್ಲಿ ಕಂಡ ಕೈರಿಕ್ಷಾದ ನೆನಪು ಅವು. ಗಮನಿಸಬೇಕಾದ್ದು ಒಂದೇ. ಎಳೆಯುವವನ ಕೈಯೂ ರಿಕ್ಷಾದ ಮರದ ಕೋಲೂ ಅವರ ಚಿತ್ರದಲ್ಲಿ ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಗೂಳಿಗೆ ಹಗ್ಗ ಹೇಗೋ ಇವನಿಗೆ ರಿಕ್ಷಾ ಹಾಗೆ. ಅದು ವಾಹನವಲ್ಲ, ಬಂಧನ ಎಂದು ಅವರೇ ಹೇಳುತ್ತಿದ್ದರು.

ಬಂಗಾಳ ಅವರನ್ನು ಮತ್ತೆ ಕರೆಯಿತು. 1984–85ರಲ್ಲಿ ಶಾಂತಿನಿಕೇತನದಲ್ಲಿ ಅತಿಥಿ ಕಲಾವಿದರಾಗಿದ್ದರು. ಅಲ್ಲಿ ಸಂತಾಲ ಬುಡಕಟ್ಟಿನವರ ಬದುಕನ್ನು ಹತ್ತಿರದಿಂದ ನೋಡಿದರು, ಶಿವನ ಹೆಸರಿನಲ್ಲಿ ನಡೆಯುವ ಚರಕ್ ಹಬ್ಬವನ್ನು ನೋಡಿದರು. ಮುಂಬಯಿಗೆ ಮರಳಿ 1986–87ರಲ್ಲಿ ಮೂರು ಫಲಕಗಳ ದೊಡ್ಡ ಚಿತ್ರ ಬರೆದರು. ಅಲ್ಲಿಯವರೆಗೆ ಒಂಟಿಯಾಗಿದ್ದ ಅವರ ಆಕೃತಿಗಳು ಮೊದಲ ಸಲ ಅಷ್ಟು ಜನರ ನಡುವೆ ಬಂದು ನಿಂತವು. ಆಮೇಲೆ ಬಂದವಳು ಕಾಳಿ, 1980ರ ದಶಕದ ಕೊನೆಯಲ್ಲಿ. ತೆರೆದ ಕೆಂಪು ಬಾಯಿಯ ಕಾಳಿ. ಅವಳ ಹಿಂದೆಯೇ, 90ರ ದಶಕದಲ್ಲಿ, ಮಹಿಷ.

ಮುಸ್ಲಿಂ ಮನೆಯಲ್ಲಿ ಹುಟ್ಟಿದವರು ಕಾಳಿಯನ್ನೂ ಮಹಿಷನನ್ನೂ ಬರೆದರಲ್ಲ ಎಂದು ಕೆಲವರು ಬೆರಗಿನಿಂದ ಕೇಳುತ್ತಾರೆ. ಈ ಪ್ರಶ್ನೆ ನನಗೆ ಬೇಸರ ತರುತ್ತದೆ. ಈ ಮಣ್ಣಿನಲ್ಲಿ ಬೆಳೆದ ಕಣ್ಣಿಗೆ ಇವು ಬೀದಿಯಲ್ಲಿ, ಕ್ಯಾಲೆಂಡರಿನಲ್ಲಿ, ಲಾರಿಯ ಹಿಂಬದಿಯಲ್ಲಿ ದಿನಾ ಸಿಗುವ ರೂಪಗಳು. ಚಿತ್ರಗಾರನಿಗೆ ಅವು ಕೈಗೆಟುಕುವ ಭಾಷೆ. ಆ ಭಾಷೆಯಲ್ಲಿ ಅವನು ಏನು ಹೇಳಿದ ಎಂಬುದನ್ನು ಕೇಳೋಣ.

ಅದನ್ನು ತಿಳಿಯಲು ನಮ್ಮ ಕಲ್ಲುಗಳನ್ನು ಒಮ್ಮೆ ನೋಡಬೇಕು. ಐಹೊಳೆಯ ದುರ್ಗ ಗುಡಿಯ ಪ್ರದಕ್ಷಿಣೆಯ ದಾರಿಯಲ್ಲಿ ಮಹಿಷಮರ್ದಿನಿಯ ವಿಗ್ರಹವಿದೆ. ಅಲ್ಲಿ ಮಹಿಷ ಪೂರ್ತಿ ಪ್ರಾಣಿ, ದೇವಿಯ ಕಾಲಕೆಳಗಿನ ಕೋಣ. ಮಾಮಲ್ಲಪುರದ ಗುಹೆಯಲ್ಲಿ ಅವನದು ಮನುಷ್ಯನ ಮೈ, ಕೋಣನ ತಲೆ. ಗದೆ ಹಿಡಿದು ನಿಂತ ಎದುರಾಳಿ. ಹೊಯ್ಸಳರ ಶಿಲ್ಪಗಳಲ್ಲಿ ಕೋಣನ ಕತ್ತು ಕತ್ತರಿಸಿ ಬಿದ್ದಿರುತ್ತದೆ, ಆ ಕತ್ತಿನೊಳಗಿಂದ ಮನುಷ್ಯ ಎದ್ದು ಬರುತ್ತಿರುತ್ತಾನೆ. ಪುರಾಣದಲ್ಲೂ ಹಾಗೇ ಇದೆ. ರೂಪದಿಂದ ರೂಪಕ್ಕೆ ಜಿಗಿಯುತ್ತ ಹೋದ ಮಹಿಷ ಕೊನೆಗೆ ಅರ್ಧ ಮಾತ್ರ ಹೊರಬಂದಿರುವಾಗ ಸಾಯುತ್ತಾನೆ. ಇನ್ನು ಇಲ್ಲಿ, ಈ ಊರಿಗೆ ಹೆಸರು ಕೊಟ್ಟವನು, ನಮ್ಮ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ಮೀಸೆ ಹೊತ್ತ ಪೂರ್ತಿ ಮನುಷ್ಯನಾಗಿ ನಿಂತಿದ್ದಾನೆ. ಅವನನ್ನು ಅರಸನೆಂದು ನೆನೆಯುವವರೂ ಮೈಸೂರಿನಲ್ಲಿದ್ದಾರೆ. ಒಬ್ಬನೇ ಮಹಿಷ, ಎಷ್ಟು ಮೈಗಳು! ಮುಂದೆ ಬರುವ ಚಿತ್ರಗಾರನಿಗೆ ಪರಂಪರೆಯೇ ಬಾಗಿಲನ್ನು ತೆರೆದಿಟ್ಟಿತ್ತು.

ನನಗೆ ಆ ಬಾಗಿಲು ತೆರೆದದ್ದು ಒಂದು ಗದ್ದೆಯಲ್ಲಿ. ನಾನು ಕರಾವಳಿಯವನು. ಆರೇಳು ವರ್ಷವಿದ್ದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ, ದೇವಿಮಹಾತ್ಮೆ ಪ್ರಸಂಗ. ನಡುರಾತ್ರಿ ಕಳೆದ ಮೇಲೆ ಮಹಿಷಾಸುರ ಬರುತ್ತಾನೆ. ರಂಗಸ್ಥಳದ ಕಡೆಯಿಂದ ಅಲ್ಲ, ಜನರ ಹಿಂದಿನಿಂದ. ಮೊದಲು ಗರ್ನಾಲಿನ ಸಿಡಿತ, ಆಮೇಲೆ ಚೆಂಡೆ, ದೊಂದಿಗಳು. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ಗನೆ ಆಳೆತ್ತರ ಏಳುತ್ತದೆ, ಆ ಬೆಳಕಿನಲ್ಲಿ ಎರಡು ಕೊಂಬು. ಮಕ್ಕಳೆಲ್ಲ ಚೀರುತ್ತಾರೆ. ನಾನು ಅಮ್ಮನ ಸೆರಗಿನೊಳಗೆ ಹೊಕ್ಕವನು, ಅವನು ಪಕ್ಕದಲ್ಲೇ ಹಾದುಹೋದಾಗ ರಾಳದ ವಾಸನೆ ಮಾತ್ರ ಕುಡಿದೆ. ಕಣ್ಣು ಬಿಡಲಿಲ್ಲ.

ಬೆಳಗಾಗುವ ಹೊತ್ತಿಗೆ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು, ವೇಷ ಕಟ್ಟುವ ಜಾಗವಾದ ಚೌಕಿಯ ಮುಂದಿನಿಂದ ಹೊರಟರು. ಒಳಗೆ ಮಹಿಷಾಸುರ ಕೂತಿದ್ದ. ಕಿರೀಟ, ಕೊಂಬು ತೆಗೆದಿಟ್ಟಾಗಿತ್ತು. ತೆಂಗಿನೆಣ್ಣೆ ಹಚ್ಚಿ ಬಣ್ಣ ಉಜ್ಜುತ್ತಿದ್ದ. ಮುಖದ ಬಲಭಾಗ ಶುದ್ಧ ಮನುಷ್ಯ, ದಣಿದ ಕೆನ್ನೆ, ನರೆತ ಕುರುಚಲು ಗಡ್ಡ. ಎಡಭಾಗದಲ್ಲಿ ಇನ್ನೂ ಕೆಂಪು, ಕಪ್ಪು, ಬಿಳಿಯ ಚುಟ್ಟಿ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಚಹಾದ ಲೋಟ. ನನ್ನನ್ನು ನೋಡಿ ನಕ್ಕ. ಬಲಗಡೆ ನಕ್ಕಿತು, ಎಡಗಡೆ ಕೋಪದಲ್ಲೇ ಇತ್ತು. ರಾತ್ರಿ ಕಂಡ ಕೊಂಬಿಗಿಂತ ಆ ಮುಖ ನನ್ನನ್ನು ಹೆಚ್ಚು ಕಾಡಿದೆ. ಎಷ್ಟೋ ವರ್ಷದ ಮೇಲೆ ತೈಯಬರ ಮಹಿಷನ ಮುಂದೆ ನಿಂತಾಗ, ಇವನನ್ನು ನಾನು ಮೊದಲೇ ಕಂಡಿದ್ದೇನೆ ಅನ್ನಿಸಿತು.

ನೋಡುವವನೂ ತನ್ನ ನೆನಪನ್ನು ಹೊತ್ತೇ ಚಿತ್ರದ ಮುಂದೆ ಬರುತ್ತಾನೆ, ಅದು ಸಹಜ. ಆದರೆ ನನ್ನ ಚೌಕಿಯ ನೆನಪನ್ನು ತೈಯಬರ ಚಿತ್ರದ ಅರ್ಥ ಎಂದು ನಾನು ನಿಮಗೆ ಮಾರಬಾರದು. ಹಾಗೆಯೇ ಅವರ ಪ್ರತಿ ಕ್ಯಾನ್ವಾಸನ್ನೂ 1947ಕ್ಕೆ ತಂದು ಕಟ್ಟುವ ಬರಹಗಳನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಗೂಳಿ ಅಂದರೆ ದೇಶ, ಓರೆಗೆರೆ ಅಂದರೆ ವಿಭಜನೆ, ಮಹಿಷ ಅಂದರೆ ಹಿಂಸೆ ಎಂದು ಪದಕೋಶ ಮಾಡಿಟ್ಟರೆ ಚಿತ್ರ ನೋಡುವ ಕೆಲಸವೇ ತಪ್ಪಿತು. ಹಾಗೆ ಅರ್ಥ ಹೇಳಿ ಮುಗಿಸಬಹುದಾಗಿದ್ದರೆ ಅವರು ಒಂದೇ ರೂಪವನ್ನು ಅಷ್ಟು ವರ್ಷ ಮತ್ತೆ ಮತ್ತೆ ಬರೆಯುತ್ತಿರಲಿಲ್ಲ.

ಮೊದಲ ಚಿತ್ರಕ್ಕೆ ಹಿಂದಿರುಗೋಣ. ಗೂಳಿಯ ಕಾಲುಗಳು ಹಗ್ಗದಲ್ಲಿ ಸೇರಿಕೊಂಡಿದ್ದವಲ್ಲ, ಇಲ್ಲಿ ಕೈಕಾಲುಗಳು ಹಗ್ಗವಿಲ್ಲದೆಯೇ ಸೇರಿಕೊಂಡಿವೆ. ಬೀಳುವ ಮನುಷ್ಯನ ತಲೆ ಹಿಂದಕ್ಕೆ ಎಸೆದಂತಿತ್ತು, ಇಲ್ಲಿ ಕೋಣನ ತಲೆ ಹಾಗಿದೆ. ರಿಕ್ಷಾದವನ ತೋಳು ಯಾವುದು, ಕೋಲು ಯಾವುದು ತಿಳಿಯುತ್ತಿರಲಿಲ್ಲ, ಇಲ್ಲಿ ಕೊಲ್ಲುವವಳ ತೋಳು ಯಾವುದು, ಸಾಯುವವನ ತೋಳು ಯಾವುದು ತಿಳಿಯುವುದಿಲ್ಲ. ಅದಕ್ಕೇ ನಿಮ್ಮಿಬ್ಬರ ಉತ್ತರವನ್ನೂ ಇಟ್ಟುಕೊಳ್ಳಿ ಅಂದದ್ದು. ನನ್ನ ಕಣ್ಣಿಗೆ ಇದು ಕಾದಾಟದಷ್ಟೇ ಅಪ್ಪುಗೆಯೂ ಹೌದು. 1947ರ ಬೀದಿಯಲ್ಲಿ ಕೊಂದವರಿದ್ದರು, ಸತ್ತವನಿದ್ದ, ಮೇಲೆ ನಿಂತು ನೋಡಿದವನಿದ್ದ. ಮೂವರನ್ನೂ ಒಂದೇ ಮೈಯ ಗಂಟಿನೊಳಗೆ ತರಲು ಐವತ್ತು ವರ್ಷ ಬೇಕಾಯಿತು.

ಅವರು ನಿಧಾನದ ಮನುಷ್ಯ. ವರ್ಷಕ್ಕೆ ಕೆಲವೇ ಚಿತ್ರ. ಒಪ್ಪದ ಕ್ಯಾನ್ವಾಸುಗಳನ್ನು ತಾವೇ ನಾಶ ಮಾಡುತ್ತಿದ್ದರು. 2009ರ ಜುಲೈಯಲ್ಲಿ ತೀರಿಕೊಂಡರು.

ನೆನಪು ಎಲ್ಲರಲ್ಲೂ ಒಂದೇ ದಾರಿ ಹಿಡಿಯುತ್ತದೆ ಎಂದು ಮಾತ್ರ ತಿಳಿಯಬೇಡಿ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೋದ ನಮ್ಮ ಕೆ.ಕೆ. ಹೆಬ್ಬಾರರು ಕೂಡ ಮುಂಬಯಿಯಲ್ಲೇ ಬದುಕಿದವರು. ಅವರಿಗೆ ಬೇಕಾಗಿದ್ದದ್ದು ಲಯ. ಅದಕ್ಕಾಗಿ ಕಥಕ್ ನೃತ್ಯವನ್ನೇ ಕಲಿತರು. ಅವರ ಒಂದು ಗೆರೆ ಹೊರಟರೆ ಕಾಲು, ಸೊಂಟ, ಬೆರಳು ದಾಟಿ ನಿಲ್ಲದೆ ಹೋಗುತ್ತದೆ. ತೈಯಬರ ಗೆರೆ ಮೈಯನ್ನು ಕತ್ತರಿಸುತ್ತದೆ, ಹೆಬ್ಬಾರರ ಗೆರೆ ಮೈಯನ್ನು ಕುಣಿಸುತ್ತದೆ. ಒಂದೇ ನಗರ, ಹೆಚ್ಚುಕಡಿಮೆ ಒಂದೇ ಕಾಲ.

ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಂಗತಿ ಹೇಳುತ್ತೇನೆ. ಬಾಗಲಕೋಟೆ ಕಡೆಯ ಹುಡುಗ. ಆಲಮಟ್ಟಿಯ ಹಿನ್ನೀರಿನಲ್ಲಿ ಅವರ ಊರು ಮುಳುಗಿತ್ತು. ತರಗತಿಯಲ್ಲಿ ‘ನೆನಪು’ ಎಂಬ ವಿಷಯ ಕೊಟ್ಟಾಗ ಅವನು ನೀರಿನಲ್ಲಿ ಅರ್ಧ ಮುಳುಗಿದ ಗುಡಿಯ ಗೋಪುರ ಬರೆದ. ಮೇಲೆ ಸಂಜೆಯ ಆಕಾಶ, ಒಂಟಿ ದೋಣಿ. ಕೈಚಳಕಕ್ಕೆ ಏನೂ ಕೊರತೆಯಿರಲಿಲ್ಲ. ಆದರೆ ಆ ಚಿತ್ರವನ್ನು ಪತ್ರಿಕೆಯ ಫೋಟೊ ನೋಡಿ ಯಾರು ಬೇಕಾದರೂ ಬರೆಯಬಹುದಿತ್ತು. ನೀನು ನಿಜವಾಗಿ ಕಂಡದ್ದೇನಪ್ಪ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ಊರು ಬಿಡುವ ದಿನ ಅಪ್ಪ ಮನೆಯ ತೊಲೆ, ಜಂತಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ್ದರಂತೆ. ತಲಬಾಗಿಲು ಮಾತ್ರ ಹೇರಲು ಬಿಡಲಿಲ್ಲವಂತೆ. ಅದನ್ನು ತಾವೇ ಬೆನ್ನ ಮೇಲೆ ಹೊತ್ತು ರಸ್ತೆಯವರೆಗೆ ನಡೆದರಂತೆ. ಹಿಂದೆ ನಡೆಯುತ್ತಿದ್ದ ಹುಡುಗನಿಗೆ ಅಪ್ಪ ಕಾಣುತ್ತಿರಲಿಲ್ಲ, ಬಾಗಿಲೇ ನಡೆದುಹೋಗುತ್ತಿತ್ತು.

ಅದನ್ನು ಬರಿ ಅಂದೆ.

ಮೊದಲ ಕ್ಯಾನ್ವಾಸಿನಲ್ಲಿ ರಸ್ತೆ, ಟ್ರ್ಯಾಕ್ಟರು, ಅಳುವ ಹೆಂಗಸರು ಎಲ್ಲ ಇದ್ದರು. ಎರಡನೆಯದರಲ್ಲಿ ಅಪ್ಪನೂ ಬಾಗಿಲೂ ಇಬ್ಬರೇ. ಆ ಹೊತ್ತಿಗೆ ಅವನು ಗ್ರಂಥಾಲಯದಲ್ಲಿ ಕೂತು ತೈಯಬರ ರಿಕ್ಷಾಗಳನ್ನು ದಿನಗಟ್ಟಲೆ ನೋಡುತ್ತಿದ್ದ. ಹೆಬ್ಬಾರರನ್ನೂ ನೋಡಿದ, ತನಗಲ್ಲ ಎಂದು ಪಕ್ಕಕ್ಕಿಟ್ಟ. ಓದು ಮುಗಿಸಿ ಹೋಗಿ ವರ್ಷಗಳಾದವು. ಈಗ ಒಂದು ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರು. ಹೋದ ತಿಂಗಳು ಮನೆಗೆ ಬಂದು ಮೂರನೆಯ ಕ್ಯಾನ್ವಾಸಿನ ಫೋಟೊ ತೋರಿಸಿದ. ಇಟ್ಟಿಗೆ ಬಣ್ಣದ ಸಪಾಟು ಹರವು, ನಡುವೆ ಓರೆಯಾಗಿ ಒಂದು ದೊಡ್ಡ ಬಾಗಿಲು, ಅದರ ಕೆಳಗೆ ಎರಡು ಪಾದ. ಮೈ ಇಲ್ಲ, ಮುಖ ಇಲ್ಲ. ಪಾದದ ಹೆಬ್ಬೆರಳು ನೆಲವನ್ನು ಕಚ್ಚಿ ಹಿಡಿದಿದೆ.

ನಾನು ಏನೂ ಹೇಳುವ ಮೊದಲೇ ಫೋನನ್ನು ತಿರುಗಿ ತೆಗೆದುಕೊಂಡು, ಬಾಗಿಲಿನ ನಡುಭಾಗವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ‘ಚಿಲಕ ಇನ್ನೂ ಸರಿ ಕುಂತಿಲ್ರೀ ಸರ’ ಅಂದ.